ಒಂದು ಟಿಕ್ ಮಾರ್ಕು, ಎರಡು ಕೋಟು

ಇಪ್ಪತ್ತು ದಿನ ನಾನು ಸೌತೆಕಾಯಿ ತಿಂದು ಬದುಕಿದೆ. ಕಾರಣ, ಎಳ್ಳುಕಾಳಿನಷ್ಟು ಚಿಕ್ಕ ಒಂದು ಟಿಕ್ ಮಾರ್ಕು. ನಗುವುದಾದರೆ ನಗಿ, ನನ್ನ ಹೆಂಡತಿ ಈಗಾಗಲೇ ನಕ್ಕಾಗಿದೆ.

ಸಾಫ್ಟ್‌ವೇರಿಗೆ ಮೆನು ರೂಪಿಸುವುದು ನನ್ನ ಕೆಲಸ. ಸೇವ್ ಎಲ್ಲಿರಬೇಕು, ಎಕ್ಸ್‌ಪೋರ್ಟ್ ಎಲ್ಲಿರಬೇಕು ಎಂದು ನಿರ್ಧರಿಸುವ ಬ್ರಹ್ಮ ನಾನೇ. (ಮನೆಯಲ್ಲಿ ಟಿವಿ ರಿಮೋಟು ಎಲ್ಲಿರಬೇಕೆಂದು ಹೇಳುವ ಅಧಿಕಾರವೂ ನನಗಿಲ್ಲ.) ಈ ಸಲದ್ದು ದರ್ಜಿಗಳಿಗಾಗಿ: ಅಳತೆ ಕೊಟ್ಟರೆ ಬಟ್ಟೆ ಕತ್ತರಿಸುವ ನಕ್ಷೆ ಕಾಗದದ ಮೇಲೆ ಅಚ್ಚಾಗಿ ಬರುತ್ತದೆ. ಬಿಡುಗಡೆಯ ದಿನ ದರ್ಜಿಗಳ ಮುಂದೆ ‘ಮೆನುವಿನಲ್ಲಿ ಸ್ಪಷ್ಟತೆ’ ಎಂದು ನನ್ನ ಭಾಷಣ. ಮಾನ ಉಳಿಸುವ ಕೋಟು ಬೇಡವೇ? ಹದಿನೈದು ವರ್ಷದಿಂದ ಹೊಲಿಗೆ ಮಾಡುವ ನನ್ನವಳು ಅದೇ ಸಾಫ್ಟ್‌ವೇರಿನಲ್ಲಿ ನಕ್ಷೆ ತೆಗೆದಳು.

“ಈ ಕಾಗದಕ್ಕೆ ಒಂದ್ಸಲ ಟೇಪ್ ಹಿಡಿದು ನೋಡ್ಲಾ?”

“ನನ್ನ ಮೆನು ಮೇಲೆ ನಂಬಿಕೆ ಇಲ್ವಾ ನಿಂಗೆ? ಕಣ್ಮುಚ್ಕೊಂಡು ಕತ್ತರಿಸು!”

ಕತ್ತರಿಸಿದಳು. ಹೊಲಿದಳು. ತೊಟ್ಟು ನೋಡಿದರೆ ಗುಂಡಿಗೂ ಕಾಜಾಕ್ಕೂ ಬದ್ಧವೈರ, ನಡುವೆ ನಾಲ್ಕು ಬೆರಳು ಅಂತರ.

“ರೀ, ಹೊಟ್ಟೆ ಒಳಗೆಳ್ಕೊಳ್ಳಿ.”

“ಎಳ್ಕೊಂಡಿದ್ದೀನಿ ಕಣೇ!”

“ಇದು ಎಳ್ಕೊಂಡಿರೋದಾ! ಸಾಫ್ಟ್‌ವೇರು ತಪ್ಪಲ್ಲ ಅಂದ್ರಲ್ಲ, ಹಾಗಾದ್ರೆ ತಪ್ಪಿರೋದು ಹೊಟ್ಟೇನೇ. ಆಫೀಸಲ್ಲಿ ಏನೇನ್ ತಿಂತೀರಿ?”

ಆಫೀಸಿನ ಬಿಸ್ಕತ್ತುಗಳು ಒಂದೊಂದಾಗಿ ನೆನಪಾದವು. ಅಂದಿನಿಂದ ಸೌತೆಕಾಯಿ.

ಇಪ್ಪತ್ತನೆಯ ದಿನ ಆಫೀಸಿನಲ್ಲಿ ಭಾಷಣಕ್ಕೆ ಸಿದ್ಧನಾಗುತ್ತ, ನಕ್ಷೆಯನ್ನು ಅಚ್ಚಿಗೆ ಕಳಿಸುವ ಎಕ್ಸ್‌ಪೋರ್ಟ್ ಒತ್ತಿದೆ. ಅದರೊಳಗೆ ‘ಇತರೆ’, ಅದರೊಳಗೆ ‘ಇನ್ನೂ ಇತರೆ’, ಅದರ ತಳದಲ್ಲಿ ‘ಕಾಗದಕ್ಕೆ ಹೊಂದುವಂತೆ ಕುಗ್ಗಿಸು’. ಮೊದಲೇ ಟಿಕ್ ಆಗಿ ಕೂತಿತ್ತು. ಇಟ್ಟವನು ನಾನೇ. ಮಾಡಿದ್ದುಣ್ಣೋ ಮಹರಾಯ!

ಮನೆಗೆ ಬಂದು ತಪ್ಪೊಪ್ಪಿಕೊಂಡೆ.

“ಅಂದ್ರೆ ಹೊಟ್ಟೆ ಸರಿಯಾಗೇ ಇತ್ತು, ತಲೆ ಸರಿ ಇರ್ಲಿಲ್ಲ,” ಎಂದಳು. ಆಮೇಲೆ ಕತ್ತರಿ ಹಿಡಿದೇ ನನ್ನ ಹಿಂದೆ ನಿಂತು ಮೆನು ಬರೆಸಿದಳು. ಮೇಲೆ: ‘ನಿಜ ಅಳತೆ, ಹೊಲಿಯಲು’. ಕೆಳಗೆ: ‘ಕುಗ್ಗಿಸಿದ್ದು, ನೋಡಲು ಮಾತ್ರ’.

“ಇಷ್ಟಕ್ಕೆ ನಿಮಗೆ ಸಂಬಳ ಬೇರೆ!”

ಬಿಗಿ ಕೋಟು ನನ್ನ ಸಣಕಲು ಬಾವಮೈದುನನ ಪಾಲಾಯಿತು. ಬಿಡುಗಡೆಗೆ ಉಳಿದಿದ್ದು ಎರಡೇ ದಿನ, ಹೊಸದಕ್ಕೆ ಬಟ್ಟೆ ಹರವಿದಳು.

“ಇನ್ನೊಂದ್ಸಲ ಅಳತೆ ತಗೊಳ್ಲಾ?”

“ಯಾಕೆ? ಹಳೇ ಅಳತೆ ಸೇವ್ ಆಗಿದೆಯಲ್ಲ!” (ನನಗೆ ಬುದ್ಧಿ ಬಂದಿತ್ತು ಎಂದುಕೊಂಡಿರಾ?)

ಸಮಾರಂಭದ ಬೆಳಗ್ಗೆ ಹೊಸ ಕೋಟು ತೊಟ್ಟೆ. ಒಳಗೆ ಇನ್ನೊಬ್ಬರು ಬಾಡಿಗೆಗೆ ಇರಬಹುದಿತ್ತು. ಬೇರೆ ದಾರಿಯಿಲ್ಲದೆ ಅದರಲ್ಲೇ ವೇದಿಕೆ ಹತ್ತಿ, ನಿಜ ಅಳತೆಯ ಮಹಿಮೆಯನ್ನು ಕೊಂಡಾಡಿದೆ. ಮುಂದಿನ ಸಾಲಿನ ಹಿರಿಯ ದರ್ಜಿಯೊಬ್ಬರು ಎದ್ದರು.

“ಸಾರ್, ನೀವು ಹಾಕ್ಕೊಂಡಿರೋ ಕೋಟೂ ಇದರಲ್ಲೇ ಮಾಡಿದ್ದಾ?”

ನಮ್ಮ ಮ್ಯಾನೇಜರ್ ಮುಖ ಬಿಳುಚಿಕೊಂಡಿತು. ಆಗ ಎರಡನೇ ಸಾಲಿನಿಂದ ನನ್ನವಳು ಎದ್ದು ನಿಂತಳು.

“ಕೋಟಿನ ಅಳತೆ ಸರಿಯಾಗೇ ಇದೆ ಅಣ್ಣಾ. ಕುಗ್ಗಿಸಿ ಎಕ್ಸ್‌ಪೋರ್ಟ್ ಮಾಡಿರೋದು ಇವರನ್ನ.”

ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಅವಳ ಪಕ್ಕದಲ್ಲಿದ್ದ ಬಾವಮೈದುನ, ನನ್ನ ಹಳೆಯ ಕೋಟಿನ ಗುಂಡಿಗಳನ್ನೆಲ್ಲ ನೆಟ್ಟಗೆ ಹಾಕಿಕೊಂಡು.