‘ಜಾರಿ ದಿನಾಂಕ’ ಅಂಕಣ ತುಂಬುವ ಹಾಗೂ ಸಹಾಯ ಕೇಂದ್ರಕ್ಕೆ ನಿಜವಾಗಿಯೂ ಒಬ್ಬರು ಬಂದ ಬಗ್ಗೆ

ಆರೋಗ್ಯ ವಿಮಾ ಗ್ರಾಹಕರ ಸಹಾಯ ಹಾಗೂ ಸಂರಕ್ಷಣಾ ನಿರ್ದೇಶನಾಲಯ
ಸುತ್ತೋಲೆ ಸಂಖ್ಯೆ: ಆವಿಗ್ರಾ/ಸಹಾಯ/ಜಾರಿ/41 (ಸಂಖ್ಯೆ 40ನ್ನು ಹುಡುಕಲಾಗುತ್ತಿದೆ)

ವಿಷಯ: ರಾಜ್ಯದಲ್ಲಿ ವಿಮಾ ಸಹಾಯ ಹುಡುಕುವವರು ಅದನ್ನು ಪತ್ತೆಹಚ್ಚದಂತೆ ವಹಿಸಬೇಕಾದ ಎಚ್ಚರಿಕೆ.

ಉಲ್ಲೇಖ: 1. ದರ್ಜಿಯವರ ವಿಮಾ ಅರ್ಜಿ. 2. ವಿಮಾ ಕಂಪನಿಯ ತಿರಸ್ಕಾರ ಪತ್ರ. 3. ಅದೇ ದರ್ಜಿಯವರು ಕಿಟಕಿಯಲ್ಲಿ ನಿಂತು ಆಡಿದ ಮಾತು.

ಪ್ರಸ್ತಾವನೆ:

ಈ ಕಚೇರಿಯ ಮೂರನೇ ಮಹಡಿಯಲ್ಲಿ ಒಂಬತ್ತು ವರ್ಷಗಳಿಂದ ಗ್ರಾಹಕ ಸಹಾಯ ಕೇಂದ್ರವೊಂದು ಕಾರ್ಯನಿರ್ವಹಿಸುತ್ತಿದ್ದು, ಇದುವರೆಗೆ ಒಂದೂ ದೂರು ಬಾರದ ಕಾರಣ ಎರಡು ಬಾರಿ ಪ್ರಶಂಸೆಗೆ ಪಾತ್ರವಾಗಿರುತ್ತದೆ. ಹೀಗಿರುವಲ್ಲಿ, ಕಳೆದ ತಿಂಗಳ ಮೊದಲ ಸೋಮವಾರ ಶಾಲಾ ಸಮವಸ್ತ್ರ ಹೊಲಿಯುವ ಮಹಿಳೆಯೊಬ್ಬರು ಬಲಗೈಗೆ ಪಟ್ಟಿ ಕಟ್ಟಿಕೊಂಡು, ಯಾವ ಮುನ್ಸೂಚನೆಯೂ ಇಲ್ಲದೆ ಮೆಟ್ಟಿಲು ಹತ್ತಿ ಬಂದು ಸಹಾಯ ಕೇಳಿರುತ್ತಾರೆ. ಸಿಬ್ಬಂದಿ ಇನ್ನೂ ಚೇತರಿಸಿಕೊಂಡಿಲ್ಲ.

ಸದರಿ ದರ್ಜಿಯವರು ತಮ್ಮ ಅಂಗಡಿಯ ಮೆಟ್ಟಿಲಿನಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದು, ಎರಡು ವಾರದೊಳಗೆ ಶಸ್ತ್ರಚಿಕಿತ್ಸೆ ಆಗದಿದ್ದರೆ ಮೂಳೆ ಸೊಟ್ಟಗೆ ಕೂಡಿ ಮತ್ತೆಂದೂ ಕತ್ತರಿ ಹಿಡಿಯಲಾಗದೆಂದು ವೈದ್ಯರು ತಿಳಿಸಿರುತ್ತಾರೆ. ವಿಮಾ ಕಂಪನಿ ಖರ್ಚು ಒಪ್ಪದೆ ಆಸ್ಪತ್ರೆಯವರು ಕೈ ಮುಟ್ಟುವುದಿಲ್ಲ. ಇಲ್ಲಿಗೆ ಬರುವ ಹೊತ್ತಿಗೆ ಹತ್ತು ದಿನ ಆಗಲೇ ಕಳೆದಿದ್ದವು. ಕಂಪನಿಯ ಅರ್ಜಿಯನ್ನು ಅವರು ಬಿದ್ದ ಮರುವಾರವೇ ಎಡಗೈಯಲ್ಲಿ ಈ ಕೆಳಗಿನಂತೆ ತುಂಬಿದ್ದರು:

ಜಾರಿ ದಿನಾಂಕ: ಹೋದ ಶುಕ್ರವಾರ, ಬೆಳಿಗ್ಗೆ ಹತ್ತಕ್ಕೆ.
ಜಾರಿ ಸ್ಥಳ: ಮೂರನೇ ಮೆಟ್ಟಿಲು.
ಜಾರಿ ಮಾಡಿದವರು: ಸೋಪಿನ ನೀರು.

ಕಂಪನಿಯು ಇದನ್ನು ಕೂಲಂಕಷವಾಗಿ ಪರಿಶೀಲಿಸಿ, ವಿಮೆಯು ಕೈ ಮುರಿದ ದಿನವೇ ಜಾರಿಗೆ ಬಂದಿರುವುದರಿಂದಲೂ, ಸೋಪಿನ ನೀರಿಗೆ ವಿಮೆ ನೀಡುವ ಪರವಾನಗಿ ಇಲ್ಲದಿರುವುದರಿಂದಲೂ ಅರ್ಜಿಯನ್ನು ತಿರಸ್ಕರಿಸಿರುತ್ತದೆ. ಆಕೆಯ ವಿಮೆ ಹನ್ನೊಂದು ವರ್ಷಗಳಿಂದ ಜಾರಿಯಲ್ಲಿದೆ ಎಂಬ ಕಾಗದ ಅದೇ ಕಂಪನಿಯ ಬೀರುವಿನಲ್ಲಿತ್ತು. ಬೀರು ತೆರೆಯಲು ಅರ್ಜಿಯಲ್ಲಿ ಅಂಕಣವಿರಲಿಲ್ಲ.

“ಅಮ್ಮಾ, ಜಾರಿ ಅಂದ್ರೆ ಆ ಜಾರಿ ಅಲ್ಲ” ಎಂದು ನಮ್ಮ ಗುಮಾಸ್ತರು ನಿಯಮಾನುಸಾರ ತಿಳಿಹೇಳಿದಾಗ, ದರ್ಜಿಯವರು “ಮತ್ತೆ ನಾನು ಬಿದ್ದಿದ್ದು ಯಾವ ಜಾರಿನಪ್ಪಾ? ಸಹಾಯ ಅಂತ ಬೋರ್ಡ್ ಹಾಕ್ಕೊಂಡಿದೀರಲ್ಲ, ಒಳಗಡೆ ಏನಾದ್ರೂ ಸಿಗುತ್ತಾ, ಇಲ್ಲ ಬರೀ ಬೋರ್ಡಾ?” ಎಂದಿರುತ್ತಾರೆ. ಎರಡನೇ ಪ್ರಶ್ನೆ ಪರಿಶೀಲನೆಯಲ್ಲಿದೆ.

ಆದುದರಿಂದ ಈ ಮೂಲಕ ಸೂಚಿಸಲಾಗಿದೆ:

1. ಸಹಾಯ ಬೇಕಾದವರು, ಬೇಕಾಗುವುದಕ್ಕೆ ಏಳು ದಿನ ಮುಂಚಿತವಾಗಿ ತಿಳಿಸತಕ್ಕದ್ದು. ಅನಿರೀಕ್ಷಿತವಾಗಿ ಬೀಳುವವರು ದಿನ ಗೊತ್ತುಪಡಿಸಿಕೊಂಡು ಬೀಳುವುದು.

2. ಸಾರ್ವಜನಿಕರು ಜಾರುವುದನ್ನು ನಿಷೇಧಿಸಲಾಗಿದೆ. ಎಡವಬಹುದು, ಮುಗ್ಗರಿಸಬಹುದು, ಉರುಳಬಹುದು. ತಲೆಕೆಳಗಾಗಿ ಬಿದ್ದವರು ಅರ್ಜಿಯನ್ನೂ ತಲೆಕೆಳಗಾಗಿಯೇ ಸಲ್ಲಿಸುವುದು.

3. ತಿರಸ್ಕಾರದ ಕಾರಣವನ್ನು ಬರಹದಲ್ಲಿ ಕೇಳುವ, ಉಚಿತವಾಗಿ ಮೇಲ್ಮನವಿ ಸಲ್ಲಿಸುವ, ತುರ್ತಿದ್ದರೆ ಮೂರು ದಿನದೊಳಗೆ ಉತ್ತರ ಪಡೆಯುವ ಹಕ್ಕು ಪ್ರತಿಯೊಬ್ಬ ಗ್ರಾಹಕರಿಗೂ ಇದೆ. ಹಕ್ಕುಗಳ ಪಟ್ಟಿಯನ್ನು ಸಹಾಯ ಕೇಂದ್ರದ ಗೋಡೆಗೆ ಅಂಟಿಸಿ, ಅದಕ್ಕೆ ಧೂಳು ತಾಗದಂತೆ ಮುಂದೆ ಕಬ್ಬಿಣದ ಕಪಾಟು ಇಡಲಾಗಿದೆ. ಸಂರಕ್ಷಣೆ ಎಂದರೆ ಇದೇ. ದರ್ಜಿಯವರು ಈ ಕಪಾಟನ್ನು ಸೊಂಟದಿಂದ ಒತ್ತಿ ಸರಿಸಿ, ಪಟ್ಟಿಯನ್ನು ಎಲ್ಲರಿಗೂ ಕೇಳುವಂತೆ ಓದಿ, ಗುಮಾಸ್ತರ ಸ್ಟೂಲಿನ ಮೇಲೆಯೇ ಕುಳಿತು ಎಡಗೈಯಲ್ಲಿ ತುರ್ತು ಮೇಲ್ಮನವಿ ಬರೆದಿದ್ದು ನಿಯಮಬಾಹಿರ. ಮೂರನೇ ದಿನ ಕಂಪನಿ ಒಪ್ಪಿ, ಅಂದೇ ಶಸ್ತ್ರಚಿಕಿತ್ಸೆ ಆಗಿ, ಬೆರಳುಗಳು ಈಗ ಸಲೀಸಾಗಿ ಮಡಚುತ್ತಿರುವುದಂತೂ ಕೆಟ್ಟ ಪೂರ್ವನಿದರ್ಶನ.

4. ನಿರ್ದೇಶಕರು ಇಳಿಯುವ ವೇಳೆಗೆ ಈ ಕಚೇರಿಯ ಮೆಟ್ಟಿಲುಗಳನ್ನು ಸೋಪಿನ ನೀರಿನಲ್ಲಿ ತೊಳೆಯಕೂಡದು. ಕಾರಣ ಕೇಳಕೂಡದು.

5. ಕಲಂ 4ರ ಕಾರಣ ಕೇಳಿದವರ ಗಮನಕ್ಕೆ: ಹೋದ ವಾರದ ಗುರುವಾರ ನಿರ್ದೇಶಕರು ಕಲಂ 2ರ ಕರಡನ್ನು ತಿದ್ದುತ್ತಾ ಇಳಿಯುವಾಗ ಎಡವಿ, ಮುಗ್ಗರಿಸಿ, ಉರುಳಿರುತ್ತಾರೆ. ಜಾರಿದರೆಂದು ಸಿಬ್ಬಂದಿ ಆಡಿಕೊಳ್ಳುತ್ತಿರುವುದು ಗಮನಕ್ಕೆ ಬಂದಿದೆ. ಬಲ ಮಣಿಕಟ್ಟು.

6. ಸದರಿಯವರ ವಿಮಾ ಅರ್ಜಿಯೂ ನಿನ್ನೆ ತಿರಸ್ಕೃತವಾಗಿರುತ್ತದೆ. ಜಾರಿ ದಿನಾಂಕ ಎಂಬಲ್ಲಿ ಅವರು ಗುರುವಾರ ಎಂದು ಬರೆದಿದ್ದರು. ಇಪ್ಪತ್ತಾರು ವರ್ಷ ಇದೇ ಪದವನ್ನು ಬರೆದು ಸವೆಸಿದವರು. ಆದರೆ ಕೈ ಅಷ್ಟು ನೋಯುವಾಗ ಮನುಷ್ಯನಿಗೆ ಬೇರೆ ಯಾವ ಜಾರಿಯೂ ನೆನಪಾಗುವುದಿಲ್ಲ.

7. ಮೇಲಿನ ಕಾರಣಗಳಿಂದ ಕಲಂ 1 ಮತ್ತು 2ನ್ನು ರದ್ದುಪಡಿಸಲಾಗಿದೆ. ಕಪಾಟನ್ನು ಇವತ್ತೇ ಆಚೆ ಹಾಕುವುದು. ಅರ್ಜಿಯಲ್ಲಿ ‘ಜಾರಿ ದಿನಾಂಕ’ ತೆಗೆದು ‘ವಿಮೆ ಯಾವತ್ತಿನಿಂದ ಇದೆ?’ ಎಂದು ಹಾಕುವಂತೆ ಕಂಪನಿಗೆ ನಿರ್ದೇಶಿಸಿದೆ. ಈ ಸುತ್ತೋಲೆಯು ಕೂಡಲೇ ಚಾಲ್ತಿಗೆ ಬರುತ್ತದೆ. ಇನ್ನೊಂದು ಪದವನ್ನು ಬೇಕೆಂದೇ ಬಳಸಿಲ್ಲ.

ಸಹಿ/-
(ಎಡಗೈಯದು, ಗುರುತು ಸಿಗದಿದ್ದರೆ ನಂಬುವುದು)
ನಿರ್ದೇಶಕರು

ಪ್ರತಿಗಳು:

ವಿಮಾ ಕಂಪನಿಗೆ, ಬೀರು ತೆರೆಯುವ ಸಲುವಾಗಿ.

ಮೆಟ್ಟಿಲು ತೊಳೆಯುವವರಿಗೆ. ಸೋಪು ಜಪ್ತಿ ಮಾಡಿದ್ದಕ್ಕೆ ಸಿಟ್ಟಾಗದಿರಲು ಕೋರಿದೆ.

ನಿರ್ದೇಶಕರ ಹೆಂಡತಿಯವರಿಗೆ, ಮಾಹಿತಿಗಾಗಿ. “ಕಾಗದ ನೋಡೋ ಬದಲು ಕಾಲ್ಕೆಳಗೆ ನೋಡ್ಕೊಂಡು ಇಳೀಬಾರ್ದಾ” ಎಂಬ ತಮ್ಮ ಮೌಖಿಕ ಜ್ಞಾಪನ ತಲುಪಿದೆ.

ದರ್ಜಿಯವರಿಗೆ, ವಿನಂತಿಯೊಂದಿಗೆ: ನನ್ನ ಕೈಗೆ ಇಂದಿಗೆ ಎಂಟು ದಿನ. ನನಗೂ ಎರಡೇ ವಾರ ಅಂದಿದ್ದಾರೆ. ಮೇಲ್ಮನವಿ ಹೇಗೆ ಬರೆಯುವುದೆಂದು ನಮ್ಮ ಸಹಾಯ ಕೇಂದ್ರದಲ್ಲಿ ಯಾರಿಗೂ ಗೊತ್ತಿಲ್ಲ. ದಯವಿಟ್ಟು ಒಮ್ಮೆ ಬನ್ನಿ. ಮೆಟ್ಟಿಲು ಒರೆಸಿ ಇಟ್ಟಿರುತ್ತೇವೆ.