ಕಿಲ್ಲೇದಾರನನ್ನು ಸೋಲಿಸುವ ಬಗೆ

ಮಾತು ಬಿಡುವುದು ಎಷ್ಟು ಸುಲಭವೋ ಬಿಟ್ಟ ಮಾತನ್ನು ಮತ್ತೆ ಹಿಡಿಯುವುದು ಅಷ್ಟೇ ಕಷ್ಟ. ಇದನ್ನು ನಾನು ಕಲಿತದ್ದು ಐವತ್ತೆರಡನೆಯ ವಯಸ್ಸಿನಲ್ಲಿ, ಒಂದು ವಿಡಿಯೋ ಗೇಮಿನಿಂದ. ಭಾಲ್ಕಿಯ ಹೈಸ್ಕೂಲಿನಲ್ಲಿ ಇಷ್ಟು ವರ್ಷ ಸಂಧಿ ಸಮಾಸ ಕಲಿಸಿಕೊಂಡು ಬಂದ ಕನ್ನಡ ಟೀಚರು ಹೀಗೆಂದರೆ ನೀವು ನಗುತ್ತೀರಿ. ನಗಬಹುದು, ನನ್ನ ಅಭ್ಯಂತರವಿಲ್ಲ. ನಗುವವರ ಮುಂದೆ ಪಾಠ ಮಾಡಿಯೇ ನನ್ನ ಕೂದಲು ಹಣ್ಣಾಗಿದೆ. ಆದರೆ ಅದಕ್ಕೂ ಮೊದಲು ನನ್ನದೊಂದು ರೋಗದ ಬಗ್ಗೆ ಹೇಳಿಬಿಡಬೇಕು. ಯಾರಾದರೂ ತಪ್ಪು ಕನ್ನಡ ಆಡಿದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಮದುವೆ ಪತ್ರಿಕೆ ಕೈಗೆ ಕೊಟ್ಟರೆ ವರನ ಹೆಸರಿಗಿಂತ ಮೊದಲು ಅಲ್ಪಪ್ರಾಣ ಮಹಾಪ್ರಾಣ ನೋಡುತ್ತೇನೆ. ನಾವಿರುವುದು ಬೀದರಿನಲ್ಲಿ, ನಮ್ಮ ಓಣಿಯ ತರಕಾರಿಯವಳು ನನ್ನ ಮನೆ ಮುಂದೆ ಬಂದಾಗ ಕೂಗುವುದನ್ನೇ ನಿಲ್ಲಿಸಿ ಗಾಡಿಯ ಗಂಟೆ ಬಾರಿಸುತ್ತಾಳೆ.

ಈ ರೋಗದಿಂದಲೇ ನನ್ನ ಒಬ್ಬಳೇ ತಂಗಿ ಕರುಣಾ ನನ್ನ ಹತ್ತಿರ ಮಾತು ಬಿಟ್ಟಳು. ಅವಳನ್ನು ಕೊಟ್ಟದ್ದು ಔರಾದಿನ ಮನೆಗೆ. ಗಡಿಯ ಊರು, ಅತ್ತೆ ಮನೆಯಲ್ಲಿ ಮರಾಠಿ ಮಾತು. ಗಂಡ ಟೇಲರ್, ಅವಳೂ ಹೊಲಿಗೆಯಲ್ಲಿ ಜಾಣೆ. ಎರಡು ವರ್ಷದ ಹಿಂದೆ ಗಂಡ ಹೆಂಡತಿ ಸ್ವಂತ ಅಂಗಡಿ ಹಾಕಿದಾಗ ಕೃತಜ್ಞತೆಯ ಪ್ರಾರ್ಥನೆ ಇಟ್ಟುಕೊಂಡಿದ್ದರು. ನಮ್ಮದು ಅಜ್ಜನ ಕಾಲದಿಂದ ಚರ್ಚಿಗೆ ಹೋಗುವ ಮನೆತನ, ಇಂಥದ್ದಕ್ಕೆಲ್ಲ ಪ್ರಾರ್ಥನೆ ಇದ್ದೇ ಇರುತ್ತದೆ. ಪಾದ್ರಿಯವರು, ಅತ್ತೆಯ ಕಡೆಯವರು, ಓಣಿಯವರು ಎಲ್ಲ ಕೂತಿದ್ದಾರೆ. ಕರುಣಾ ಎದ್ದು ನಿಂತು, ಸೆರಗು ಸರಿಮಾಡಿಕೊಂಡು, "ದೇವರ ದಯದಿಂದ ಇವತ್ತ ನಾವು ದುಕಾನ ಉಘಡಿದ್ವಿ" ಎಂದಳು. ಮುಂದಿನ ಸಾಲಿನಲ್ಲಿದ್ದ ನಾನು, "ಉಘಡಿದ್ವಿ ಅಲ್ಲ, ತೆರೆದೆವು" ಎಂದೆ. ಮೆಲ್ಲಗೆ ಅಂದೆನೆಂದುಕೊಂಡಿದ್ದೆ, ಆದರೆ ಕೊನೆಯ ಬೆಂಚಿಗೆ ಕೇಳಿಸುವ ಹಾಗೆ ಮಾತಾಡಿ ಪಳಗಿದ ಗಂಟಲು ಇದು. ಕೂತವರೆಲ್ಲ ಗೊಳ್ಳೆಂದು ನಕ್ಕರು. ಕರುಣಾ ಮುಂದಿನ ಮಾತು ಆಡದೆ ಕೂತುಬಿಟ್ಟಳು, ನನ್ನ ಜೊತೆ ಅವಳ ಮಾತು ಅಲ್ಲಿಗೇ ಮುಗಿಯಿತು. ತಪ್ಪು ಮಾಡಿದ ಅಕ್ಕನೇ ಮೊದಲು ಮಾತಾಡಲಿ ಎಂದು ಅವಳು; ಹಿರಿಯಳ ಹತ್ತಿರ ಕಿರಿಯಳೇ ಮೊದಲು ಬರಲಿ ಎಂದು ನಾನು. ಇಬ್ಬರದೂ ನ್ಯಾಯವೇ ಆದ್ದರಿಂದ ಎರಡು ವರ್ಷ ಯಾರೂ ಬರಲಿಲ್ಲ.

ಆ ಮೇಲೆ ಮಳೆಯೂ ಬರಲಿಲ್ಲ. ಎರಡನೆಯ ಬೇಸಿಗೆಗೆ ಔರಾದಿನಲ್ಲಿ ಟ್ಯಾಂಕರ್ ಬಂದರೆ ನೀರು, ಇಲ್ಲದಿದ್ದರೆ ಇಲ್ಲ. ನೀರಿಲ್ಲದೆ ಜನ ಮದುವೆಗಳನ್ನು ಮುಂದೆ ಹಾಕಿದರು, ಮದುವೆಯಿಲ್ಲದೆ ಹೊಲಿಗೆ ನಿಂತಿತು. ಅಂಗಡಿಗೆ ಬೀಗ ಹಾಕಿ ಕರುಣಾಳ ಗಂಡ ಹೈದರಾಬಾದಿಗೆ ಒಂದು ದೊಡ್ಡ ಟೇಲರ್ ಅಂಗಡಿಯ ಕೆಲಸಕ್ಕೆ ಹೋದ. ಅಲ್ಲಿ ಇರಲು ಬಾಡಿಗೆಗೊಂದು ಖೋಲಿ ಸಿಗುವವರೆಗೆ ಇವಳು ಎಲ್ಲಿರಬೇಕು? ನಮ್ಮ ಮನೆಯವರು ಬೀದರ್ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಅವರೇ ಅವಳನ್ನು ಔರಾದಿನ ಬಸ್ಸಿನಿಂದ ಇಳಿಸಿಕೊಂಡು ಮನೆಗೆ ತಂದು ಬಿಟ್ಟು, "ನಾನೇ ಬಾ ಅಂದೀನಿ. ನೀವಿಬ್ರು ಮಾತಾಡ್ರಿ, ಬಿಡ್ರಿ, ನಿಮ್ಮ ಹಣೇಬರ" ಎಂದು ಡ್ಯೂಟಿಗೆ ಹೋದರು. ನನಗೆ ಒಳಗೊಳಗೇ ಖುಷಿಯಾಯಿತು. ಅವಳು ಹೈದರಾಬಾದಿಗೆ ಹೋಗುವುದರೊಳಗೆ ಅವಳ ಬಾಯಿಂದ ಒಂದು ಸಲ 'ಅಕ್ಕ' ಎಂದು ಕೇಳಿಬಿಡಬೇಕು. ಆದರೆ ನಾನು ಮೊದಲು ಮಾತಾಡಬಾರದು.

ಇನ್ನು ಕಿಲ್ಲೇದಾರನ ವಿಷಯ. ನಮ್ಮ ಮಾಳಿಗೆಯ ಮೇಲೆ ಬಾಡಿಗೆಗಿದ್ದ ಗಂಡ ಹೆಂಡತಿ ಇಬ್ಬರೂ ಊರ ಹೊರಗಿನ ಕೊಳಾರದ ಫ್ಯಾಕ್ಟರಿಗೆ ಹೋಗುತ್ತಿದ್ದರು. ನೀರಿಲ್ಲವೆಂದು ಅಲ್ಲಿ ಒಂದು ಪಾಳಿ ನಿಂತ ಮೇಲೆ ಅವರು ಪುಣೆಗೆ ಹೊರಟರು. ಹೋಗುವಾಗ ಟೀವಿಗೆ ಜೋಡಿಸುವ ಗೇಮಿನ ಡಬ್ಬಿ ತಂದುಕೊಟ್ಟು, "ಟೀಚರ್, ವಾರಕ್ಕೊಮ್ಮೆ ಚಾಲೂ ಮಾಡ್ರಿ, ಇಲ್ಲಾಂದ್ರ ಖರಾಬ್ ಆಗ್ತದ್ರಿ" ಎಂದು ಗಂಡ ಹೇಳಿ, ಓಡುವ, ಹಾರುವ, ಹೊಡೆಯುವ, ಕೂರುವ, ಔಷಧಿ ಕುಡಿಯುವ ಗುಂಡಿಗಳನ್ನೆಲ್ಲ ತೋರಿಸಿಕೊಟ್ಟ. ಚಾಲೂ ಮಾಡಿ ಸುಮ್ಮನೆ ನೋಡುವುದು ಹೇಗೆ? ಶಾಲೆಗೆ ಬೇಸಿಗೆ ರಜೆ ಬೇರೆ; ಮೂರನೆಯ ವಾರಕ್ಕೆ ನಾನು ಕತ್ತಿ ಹಿಡಿದು ಕೋಟೆಯೊಳಗೆ ತಿರುಗುತ್ತಿದ್ದೆ. ಕೋಟೆಯ ಕೊನೆಯ ಸೇತುವೆಯ ಮೇಲೆ ಕೋಟೆ ಕಾಯುವವನೊಬ್ಬ ನಿಂತಿದ್ದ. ಮೈತುಂಬ ಕಬ್ಬಿಣ, ಕೈಯಲ್ಲಿ ನನ್ನಷ್ಟೇ ಉದ್ದದ ಗದೆ. ಇಂಥವರಿಗೆ ಆಟದವರು 'ಬಾಸ್' ಎನ್ನುತ್ತಾರಂತೆ. ಕೋಟೆಯ ಊರಿನವಳು ನಾನು, 'ಕಿಲ್ಲೇದಾರ' ಎಂದು ನಾಮಕರಣ ಮಾಡಿದೆ. ಆತ ಮೊದಲ ಏಟಿಗೇ ನನ್ನನ್ನು ಸೇತುವೆಯ ಕೆಳಗೆ ಕಳಿಸಿದ.

ನನಗೆ ಸಿಟ್ಟು ಬರಲಿಲ್ಲ, ಕುತೂಹಲ ಬಂತು. ಈತ ಯಾವಾಗ ಹೊಡೆಯುತ್ತಾನೆ, ಯಾವಾಗ ದಣಿಯುತ್ತಾನೆ? ಹಳೆಯ ಪಾಠ ಟಿಪ್ಪಣಿಯ ಪುಸ್ತಕ ತೆಗೆದು ಬರೆಯತೊಡಗಿದೆ. ಕಲಿಕೆಯ ಉದ್ದೇಶ: ಗದೆ ತಲೆಗೆ ಬೀಳದಂತೆ ನೋಡಿಕೊಳ್ಳುವುದು. ಬಲಗಡೆಯಿಂದ ಒಂದು, ಎಡಗಡೆಯಿಂದ ಒಂದು, ಆಮೇಲೆ ಮೇಲಕ್ಕೆ ಹಾರಿ ಒಂದು. ಮೂರನೆಯ ಏಟಾದ ಮೇಲೆ ಒಂದು ಉಸಿರಿನಷ್ಟು ಸುಮ್ಮನೆ ನಿಲ್ಲುತ್ತಾನೆ. ಆಗ ಓಡಿಹೋಗಿ ಎರಡೇ ಎರಡು ಏಟು ಹಾಕಿ ಹಿಂದೆ ಬರಬೇಕು. ಮೂರನೆಯದಕ್ಕೆ ಆಸೆಪಟ್ಟರೆ ಸತ್ತೆ. ಔಷಧಿಯನ್ನು ಅವನ ಮುಂದೆ ಕುಡಿಯಬಾರದು, ಕಂಬದ ಹಿಂದೆ ಹೋಗಿ ಕುಡಿಯಬೇಕು. ಇಷ್ಟು ತಿಳಿಯಲು ಇಪ್ಪತ್ತು ಸಲ ಸತ್ತೆ. ಅವನ ಅರ್ಧ ಜೀವ ಇಳಿದ ಮೇಲೆ ಮಾತ್ರ ನನ್ನ ಟಿಪ್ಪಣಿಗೆ ಸಿಗದ ಒಂದು ಕೆಲಸ ಮಾಡುತ್ತಿದ್ದ. ಗದೆಯನ್ನು ಸುತ್ತಲೂ ಬೀಸುತ್ತ ಬುಗುರಿಯ ಹಾಗೆ ತಿರುಗಿಬಿಡುತ್ತಿದ್ದ. ಹಿಂದೆ ಸರಿದರೂ ಬಡಿಯುತ್ತಿತ್ತು, ಹಾರಿದರೂ ಬಡಿಯುತ್ತಿತ್ತು. ಇನ್ನೂ ಇಪ್ಪತ್ತು ಸಲ ಸತ್ತರೂ ಇದಕ್ಕೆ ಉತ್ತರ ಸಿಗಲಿಲ್ಲ.

ಕರುಣಾ ನನ್ನ ಬೆನ್ನ ಹಿಂದೆ ಮಂಚದ ಮೇಲೆ ಕೂತು, ಓಣಿಯವರ ಕುಪ್ಪಸಗಳಿಗೆ ಕೈಹೊಲಿಗೆ ಹಾಕುತ್ತ, ನಾನು ಸಾಯುವುದನ್ನೆಲ್ಲ ನೋಡುತ್ತಿದ್ದಳು. ನಾನು ಸತ್ತಾಗಲೆಲ್ಲ 'ಚ್ಚ್' ಎನ್ನುತ್ತಿದ್ದಳು. ಅದು ಅಯ್ಯೋ ಎನ್ನುವ ಚ್ಚ್ ಆಗಿತ್ತೋ, ಹಾಗೇ ಆಗಬೇಕು ಎನ್ನುವ ಚ್ಚ್ ಆಗಿತ್ತೋ, ವ್ಯಾಕರಣದಲ್ಲಿ ಅದಕ್ಕೆ ಸೂತ್ರವಿಲ್ಲ. ಹೇಳಬೇಕಾದದ್ದನ್ನೆಲ್ಲ ಅವಳು ಊಟಕ್ಕೆ ಮುಂಚಿನ ಪ್ರಾರ್ಥನೆಯಲ್ಲಿ ದೇವರಿಗೆ ಹೇಳುತ್ತಿದ್ದಳು. ನಮ್ಮಲ್ಲಿ ಒಬ್ಬೊಬ್ಬರು ಒಂದೊಂದು ಮಾತು ಪ್ರಾರ್ಥಿಸುವ ರೂಢಿ. "ದೇವರೇ, ಈ ಮನ್ಯಾಗ ಕೆಲವ್ರು ಟೀವಿ ಮುಂದ ಕುಂತು ಒಲಿ ಮ್ಯಾಲಿನ ಬ್ಯಾಳಿ ಹೊತ್ತಸ್ತಾರ, ಅವ್ರಿಗಿ ಎಚ್ಚರ ಕೊಡಪ್ಪ" ಎಂದು ಅವಳು. "ಕರ್ತನೇ, ಹಿರಿಯರ ತಪ್ಪುಗಳನ್ನು ಎಣಿಸುವ ಕಿರಿಯರಿಗೆ ಸದ್ಬುದ್ಧಿಯನ್ನು ದಯಪಾಲಿಸು" ಎಂದು ನಾನು, ಶುದ್ಧ ಕನ್ನಡದಲ್ಲಿ. "ಆಮೆನ್, ಅನ್ನ ಆರ್ತದ" ಎಂದು ನಮ್ಮ ಮನೆಯವರು. ನಲ್ಲಿಗೆ ಹತ್ತು ದಿನಕ್ಕೊಮ್ಮೆ ನೀರು ಬರುತ್ತಿದ್ದ ಕಾಲ, ಪಡಸಾಲೆಯ ತುಂಬ ಕೊಡಗಳು. ಒಂದು ದಿನ ಗದೆ ತಪ್ಪಿಸಿಕೊಳ್ಳಲು ನಾನೇ ಎಡಕ್ಕೆ ವಾಲಿ, ಮೊಣಕೈ ತಾಗಿ ತುಂಬಿದ ಕೊಡ ಉರುಳಿತು. ಇಬ್ಬರೂ ಮಾತಿಲ್ಲದೆ ಅರಿವೆಯಿಂದ ಹೀರಿ ಹೀರಿ ಬಕೆಟ್ಟಿಗೆ ಹಿಂಡಿದೆವು. ಅವತ್ತಿನ ಅವಳ ಪ್ರಾರ್ಥನೆ: "ಊರಾಗ ಕುಡಿಲಾಕ ನೀರಿಲ್ಲ ಸ್ವಾಮಿ, ನಮ್ಮನ್ಯಾಗ ಕಿಲ್ಲೇದಾರನ ಕಾಲು ತೊಳಿಲಾಕ ಅವ." ನಮ್ಮ ಮನೆಯವರು ಆಮೆನ್ ಎನ್ನಲಾಗದೆ ನಗುತ್ತ ಹೊರಗೆ ಎದ್ದುಹೋದರು. ನನಗೂ ನಗು ಬಂದಿತ್ತು, ಆದರೆ ನಕ್ಕರೆ ಅದು ಮಾತಿಗೆ ಸಮ ಎಂದು ತುಟಿ ಕಚ್ಚಿ ಕೂತೆ.

ಒಂದು ಸೋಮವಾರ ಹೈದರಾಬಾದಿನಿಂದ ಫೋನ್ ಬಂತು. ಖೋಲಿ ಸಿಕ್ಕಿದೆ, ಗುರುವಾರ ಹೊರಟು ಬಾ. ಕರುಣಾ ಚೀಲ ತುಂಬತೊಡಗಿದಳು. ನನಗೆ ಸಂಕಟ ಶುರುವಾಯಿತು. ಹೋಗಿ 'ಕರುಣಾ' ಎಂದು ಕರೆದಿದ್ದರೆ ಮುಗಿಯುತ್ತಿತ್ತು, ಆದರೆ ಬಾಯಿಯವರೆಗೆ ಬಂದದ್ದು ಅಲ್ಲೇ ನಿಲ್ಲುತ್ತಿತ್ತು. ಎದುರಿಗಿದ್ದ ತಂಗಿಗೆ ಏನು ಮಾಡಬೇಕೆಂದು ತಿಳಿಯದೆ ಕಿಲ್ಲೇದಾರನ ಮೇಲೆ ಬಿದ್ದೆ.

ಮರುದಿನ ಮಧ್ಯಾಹ್ನ. ಮನೆಯವರಿಗೆ ವಾರದ ರಜೆ, ಮುಖದ ಮೇಲೆ ಟವೆಲ್ ಹಾಕಿಕೊಂಡು ನಿದ್ದೆ. ಕರುಣಾ ಮಂಚದ ಮೇಲೆ ಚೀಲಕ್ಕೆ ಗುಂಡಿ ಹಚ್ಚುತ್ತಿದ್ದಾಳೆ. ಅವತ್ತು ನನ್ನ ಕೈ ಬಹಳ ಚೆನ್ನಾಗಿ ಓಡಿತು. ಎರಡೇಟು, ಹಿಂದೆ; ಎರಡೇಟು, ಹಿಂದೆ. ಕಿಲ್ಲೇದಾರನ ಜೀವ ಕೂದಲೆಳೆಯಷ್ಟು ಉಳಿಯಿತು. ಔಷಧಿ ಮುಗಿದಿತ್ತು, ನನ್ನದೂ ಅಷ್ಟೇ ಉಳಿದಿತ್ತು. ಆತ ಗದೆ ಎತ್ತಿ ಬುಗುರಿಯಾಗಲು ಹೆಗಲು ತಿರುಗಿಸಿದ. ಅಷ್ಟರಲ್ಲಿ ಬೆನ್ನ ಹಿಂದಿನಿಂದ ಒಂದು ಕೂಗು ಬಂತು: "ಬಸ್!"

ನಮ್ಮ ಸೀಮೆಯಲ್ಲಿ ಈ ಒಂದು ಶಬ್ದಕ್ಕೆ ಮೂರು ಮನೆ. ಉರ್ದುವಿನಿಂದ ಬಂದದ್ದಾದರೆ 'ಸಾಕು'. ಮರಾಠಿಯದಾದರೆ 'ಕೂತುಕೋ'. ಮೂರನೆಯದು ರಸ್ತೆಯ ಮೇಲೆ ಓಡುವಂಥದ್ದು. ಕರುಣಾಳ ಬಾಯಿಂದ ಬಂದರೆ ಅದು ಮರಾಠಿಯೇ ಇರಬೇಕೆಂದು ನನ್ನ ತಲೆಯಲ್ಲಿ ಎರಡು ವರ್ಷದಿಂದ ಕೂತಿತ್ತಲ್ಲ, ಬೆರಳು ತಾನೇ ಕೂರುವ ಗುಂಡಿಯನ್ನು ಒತ್ತಿತು. ನಲವತ್ತು ಸಲ ಸತ್ತರೂ ಆ ಗುಂಡಿಯನ್ನು ನಾನು ಮುಟ್ಟಿರಲಿಲ್ಲ. ಮಂಡಿನೋವಿನವಳಿಗೆ ಕುಕ್ಕರಗಾಲಲ್ಲಿ ಕೂರುವ ಉಪಾಯ ಹೊಳೆಯುವುದಾದರೂ ಹೇಗೆ? ಗದೆ ತಲೆಯ ಮೇಲೆ ಗಾಳಿ ಬೀಸಿ ಹೋಯಿತು. ಎದ್ದು ಒಂದೇ ಏಟು ಹಾಕಿದೆ. ಕಿಲ್ಲೇದಾರ ಮೊಣಕಾಲೂರಿ ಸೇತುವೆಯ ಮೇಲೆ ಬಿದ್ದ. ಇತ್ತ ನಮ್ಮ ಮನೆಯವರು ಧಡಕ್ಕನೆ ಎದ್ದು, "ಯಾವ ಬಸ್? ಔರಾದದ್ದೇನು?" ಎಂದು ಟೋಪಿಗಾಗಿ ತಡಕಾಡತೊಡಗಿದರು.

ನಾನು ಹಿಂದೆ ತಿರುಗಿ, "ಚಲೋ ಹೇಳ್ದಿ ನೋಡು ಕರುಣಾ!" ಎಂದೆ. ಅವಳು ಸೂಜಿ ಹಿಡಿದ ಕೈಯನ್ನು ಹಾಗೇ ಇಟ್ಟುಕೊಂಡು ನನ್ನನ್ನೇ ನೋಡಿದಳು. ಆಮೇಲೆ ಅವಳ ಕಣ್ಣು ತುಂಬಿ ಬಂತು, ನನ್ನದೂ. "ಅಕ್ಕ, ಎಷ್ಟು ಸೊರಗೀದಿ" ಎಂದಳು. ನಾನು ಹೋಗಿ ಅವಳ ಪಕ್ಕ ಕೂತೆ. ದುಕಾನದ ಸುದ್ದಿ, ಬೀಗ ಹಾಕಿದ ದಿನ ಅವಳು ಅತ್ತದ್ದು, ಅವಳ ಅತ್ತೆಯ ಕಾಲುನೋವು, ನನ್ನ ಮಂಡಿನೋವು, ಎರಡು ವರ್ಷದ್ದೆಲ್ಲ ಒಂದೇ ಸಲ ಹೊರಗೆ ಬಂತು. ಅಂಗಡಿಯ ಪ್ರಾರ್ಥನೆಯಲ್ಲಿ ಅವತ್ತು ಆಡಿದ ಮಾತಿಗೆ ತಪ್ಪಾಯಿತು ಎಂದೂ ಹೇಳಿದೆ. ಎಷ್ಟೋ ಹೊತ್ತಿನ ಮೇಲೆ ಟೀವಿಯ ಕಡೆ ನೋಡಿದರೆ ನಾನು ಸತ್ತು ಬಿದ್ದಿದ್ದೆ. ಕಿಲ್ಲೇದಾರ ಬಿದ್ದವನು ಬಿದ್ದೇ ಇರಲಿಲ್ಲವಂತೆ. ಎರಡು ಗದೆ ಹಿಡಿದು ಮತ್ತೆ ಎದ್ದಿದ್ದ, ಅಕ್ಕ ತಂಗಿ ಮಾತಾಡುವುದನ್ನು ಲೆಕ್ಕಿಸದೆ ನನ್ನನ್ನು ಹೊಡೆದು ಹಾಕಿದ್ದ. ಮನೆಯವರು ಕಣ್ಣಾರೆ ನೋಡಿದ್ದರಂತೆ. "ಮತ್ಯಾಕ ಹೇಳಲಿಲ್ರೀ?" ಎಂದರೆ, "ನಿಮ್ಮಿಬ್ಬರ ನಡುವ ಬಾಯಿ ಹಾಕಲಾಕ ನನಗೇನು ತಲಿ ಕೆಟ್ಟದೇನು?" ಎಂದರು.

ಗುರುವಾರ ಬೆಳಿಗ್ಗೆ ಅವಳನ್ನು ಹತ್ತಿಸಲು ಬಸ್ ಸ್ಟ್ಯಾಂಡಿಗೆ ಹೋದೆವು. ಹೈದರಾಬಾದಿನ ಬಸ್ಸಿನ ತುಂಬ ಹಾಸಿಗೆಯ ಸುತ್ತುಗಳು, ಪಾತ್ರೆಯ ಗಂಟುಗಳು. ಮನೆಯವರು ಮುಂದಾಗಿ ಕಿಟಕಿಯ ಸೀಟು ಹಿಡಿಸಿದ್ದರು. ನಾನು ಕಿಟಕಿಯ ಕೆಳಗೆ ನಿಂತಿದ್ದೆ. ಮನಸ್ಸು ಹಗುರಾಗಿತ್ತು, ಆದರೆ ಟೀಚರ ಬುದ್ಧಿ ಎಲ್ಲಿಗೆ ಹೋಗಬೇಕು? ಗೆದ್ದದ್ದನ್ನು ಒಂದು ಸಲ ಅವಳ ಬಾಯಿಂದ ಹೇಳಿಸಬೇಕೆನಿಸಿತು.

"ಏನೇ ಆಗ್ಲಿ ಕರುಣಾ, ಮೊದಲ ಮಾತಾಡಿದಾಕಿ ನೀನೇ ನೋಡು" ಎಂದೆ.

"ನಾ ಎಲ್ಲಿ ಮಾತಾಡಿದೆ? ಚಲೋ ಹೇಳ್ದಿ ಕರುಣಾ ಅಂತ ನೀನೇ ಅಲ್ಲೇನು ತಿರುಗಿ ಅಂದಾಕಿ?"

"ಮತ್ತ ಬಸ್ ಅಂದಿದ್ದು? ಕುಂದ್ರು ಅಂತ ನನಗ ಹೇಳಲಿಲ್ಲೇನು?"

"ಕುಂದ್ರೋದು ಗಿಂದ್ರೋದು ನನಗೇನು ತಿಳಿತದಕ್ಕ ಆ ಆಟದಾಗ?" ಕರುಣಾ ಕಿಟಕಿಯ ಸರಳಿಗೆ ಮುಖ ತಂದಳು. "ಅದು ನಿನಗ ಅಂದಿದ್ದೇ ಅಲ್ಲ. ಆ ಕಿಲ್ಲೇದಾರಗ ಅಂದೆ. ದಿನಾ ಹೊಡೀತಿದ್ದ ನಿನಗ, ಕುಂತು ನೋಡ್ಲಾಕ ಆಗಲಿಲ್ಲ. ಬಸ್, ನಮ್ಮಕ್ಕಗ ಹೊಡದದ್ದು ಸಾಕು ಅನ್ಲಾಕ ಹೋದೆ, ಅಷ್ಟೇ ಬಾಯಿಗಿ ಬಂತು."

ಬಸ್ಸು ಹೊರಟಿತು. ಅವಳು ಕೈಬೀಸುತ್ತಿದ್ದಳು, ನಾನು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ನಿಂತೆ. ಮನೆಯವರು ಹತ್ತಿರ ಬಂದು, "ಯಾಕ, ಏನಾತು?" ಎಂದು ಕೇಳಿದರು. "ಏನಿಲ್ರೀ, ನಾ ಸೋತೀನಿ" ಎಂದೆ. ಅವರು ಪಾಪ, ನನ್ನ ಹೆಗಲು ತಟ್ಟಿ, "ಇರ್ಲಿ ಬಿಡು, ಮನಿಗಿ ಹೋಗಿ ಮತ್ತೊಂದು ಸಲ ಆಡು" ಎಂದರು.