ಒಂದು ಮಾರು ದೂರ

ಬಿಳಿಕೆರೆಯಲ್ಲಿ ಮೆಡಿಕಲ್ ಸ್ಟೋರ್ ಇಟ್ಟವನು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಮಾತ್ರೆ ಕೇಳಲು ಬಂದವರೇ ಏನಾದರೊಂದು ಪ್ರಸಂಗ ಕೊಟ್ಟು ಹೋಗುತ್ತಾರೆ. ಅದರಲ್ಲೂ ಕೊರೊನಾ ಬಂದ ಹೊಸದರಲ್ಲಿ, ಸುತ್ತಲಿನ ಅಂಗಡಿಗಳೆಲ್ಲ ಬಾಗಿಲು ಹಾಕಿ ನನ್ನದು ಮಾತ್ರ ತೆರೆದಿದ್ದಾಗ, ಕಾಯಿಲೆ ಇಲ್ಲದವರೂ ಬರತೊಡಗಿದರು. ಹೋಟೆಲಿನಲ್ಲಿ ನಡೆಯುತ್ತಿದ್ದ ಚರ್ಚೆಯೆಲ್ಲ ನನ್ನ ಕೌಂಟರಿಗೆ ವರ್ಗವಾಯಿತು. ನನಗೂ ಮೂಗು ತೂರಿಸುವ ಚಟ. ಯಾರು ಏನೇ ಅಂದರೂ ಅದು ಯಾಕೆ ಹಾಗೆ ಅಂತ ಕೇಳದಿದ್ದರೆ ಊಟ ಸೇರುವುದಿಲ್ಲ.

ಅಂಗಡಿಯ ಮೆಟ್ಟಿಲ ಪಕ್ಕ ಬುಟ್ಟಿ ಇಟ್ಟುಕೊಂಡು ಹೂವು ಮಾರುತ್ತಿದ್ದ ಹೆಂಗಸು, ಊರಿಗೆಲ್ಲ ಹೂವಿನಮ್ಮ, ವ್ಯಾಪಾರ ನಿಂತ ಮೇಲೂ ಬಂದು ಅಲ್ಲೇ ಕೂರುತ್ತಿದ್ದರು. ಅವರ ಸಂಕಟ ಬೇರೆ. ಕೆ.ಆರ್. ನಗರದ ಹತ್ತಿರದ ಹಳ್ಳಿಗೆ ಕೊಟ್ಟ ಒಬ್ಬಳೇ ಮಗಳನ್ನು ಚೊಚ್ಚಲ ಹೆರಿಗೆಗೆ ತವರಿಗೆ ಕರೆತರಬೇಕು ಅನ್ನುವಷ್ಟರಲ್ಲಿ ಲಾಕ್‌ಡೌನ್ ಆಗಿ, ಅವಳು ಗಂಡನ ಮನೆಯಲ್ಲಿದ್ದಾಗಲೇ ಮಗು ಹುಟ್ಟಿಬಿಟ್ಟಿತ್ತು. ಹೆಣ್ಣು ಮಗು. ಹೋಗಿ ನೋಡೋಣವೆಂದರೆ ತಾಲ್ಲೂಕಿನ ಗಡಿಯಲ್ಲಿ ಪೊಲೀಸರು. "ಫೋನಲ್ಲಿ ಅಳೋದು ಕೇಳುಸ್ತಾರೆ ಕಣಪ್ಪ. ಕೇಳ್ಬೋದು, ಮುಟ್ಟಂಗಿಲ್ಲ" ಅಂತ ಅವರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

ನಿಲ್ಲದ ಬಸ್ಸು

ಈ ರೋಗ ನಮ್ಮೂರಿಗೆ ಬರುತ್ತದೋ ಇಲ್ಲವೋ ಅನ್ನುವುದು ಮೊದಲ ದೊಡ್ಡ ವಾದ. ಒಂದು ಕಡೆ ರಿಟೈರ್ಡ್ ಮೇಷ್ಟ್ರು, ಇನ್ನೊಂದು ಕಡೆ ಹೊಗೆಸೊಪ್ಪು ಬೆಳೆಯುವ ಗೌಡರು. ಮೇಷ್ಟ್ರು ಚೀನಾದಲ್ಲಿ ಶುರು ಮಾಡಿ, ವಿಮಾನ ಹತ್ತಿಸಿ, ಬೆಂಗಳೂರಲ್ಲಿ ಇಳಿಸಿ, ಮೈಸೂರು ದಾಟಿಸಿ ರೋಗವನ್ನು ನಮ್ಮ ಊರ ಬಾಗಿಲಿಗೇ ತಂದು ನಿಲ್ಲಿಸಿದರು. ಗೌಡರು ಪೂರ್ತಿ ಕೇಳಿಸಿಕೊಂಡು ಬರಲ್ಲ ಅಂದರು. ಯಾಕೆ ಬರಲ್ಲ ಅಂತ ನಾನು ಕೇಳಿದೆ.

"ಮಡಿಕೇರಿಗೋಗೋ ಎಕ್ಸ್‌ಪ್ರೆಸ್ ಬಸ್ಸೇ ನಮ್ಮೂರಲ್ಲಿ ನಿಲ್ಸಕಿಲ್ಲ. ಇದು ನಿಲ್ತದಾ?"

ಆ ಬಸ್ಸು ನಿಲ್ಲಿಸಿ ಎಂದು ಓಡಾಡಿ ಸೋತವರೇ ಮೇಷ್ಟ್ರು. ಕೆಮ್ಮಿನ ಔಷಧಿಗೆ ಬಂದಿದ್ದ ಆಟೋದವನೊಬ್ಬ ಮೆಲ್ಲಗೆ, "ಹುಣಸೂರಲ್ಲಿ ಇಳ್ಕಂಡು ಆಟೋದಲ್ಲಿ ವಾಪಸ್ ಬಂದ್ರೆ?" ಅಂದ. ಗೌಡರ ಮುಖ ಕಪ್ಪಿಟ್ಟಿತು. ಲಾಕ್‌ಡೌನ್ ತೆಗೆದ ಮೇಲೂ ಅವರು ಆ ಆಟೋ ಹತ್ತಲಿಲ್ಲ.

ಒಂದೇ ತರದ ಮೀಸೆ

ಮಾಸ್ಕ್ ಬಂದ ದಿನ ಒಬ್ಬರು ಬೆಳಿಗ್ಗೆ ಕೊಂಡುಹೋಗಿ ಸಂಜೆಗೆ ವಾಪಸ್ ತಂದರು. ಮೀಸೆ ಹಾಳಾಗುತ್ತದಂತೆ. ಒಮ್ಮೆ ಹಾಕಿಕೊಂಡದ್ದನ್ನು ತೆಗೆದುಕೊಳ್ಳಲು ಆಗುವುದಿಲ್ಲ ಅಂದೆ. ತಾನು ಹಾಕಿಕೊಂಡೇ ಇಲ್ಲ ಅಂತ ಅವರು ದೇವರ ಮೇಲೆ ಆಣೆ ಮಾಡಿದರು. ಹಾಗಿದ್ದರೆ ಮೀಸೆ ಹಾಳಾಗುವುದು ಹೇಗೆ ಗೊತ್ತಾಯಿತು ಅಂತ ಕೇಳಿದೆ.

"ನನ್ ತಮ್ಮ ಆಕ್ಕಂಡ್ ನೋಡ್ದ ಕಣ್ರೀ. ಅವಂದೂ ನಂದೂ ಒಂದೇ ತರ ಮೀಸೆ."

ಕೊಟ್ಟಿಗೆ ಪಕ್ಕದ ಕೋಣೆ

ನಮ್ಮ ಬೀದಿಯ ಲಾರಿ ಡ್ರೈವರ್ ಕೇರಳದಿಂದ ಬಂದಾಗ ಆರೋಗ್ಯ ಇಲಾಖೆಯವರು ಕೈಗೆ ಸೀಲು ಹೊಡೆದು, ಮನೆಯವರನ್ನು ಸೇರದೆ ಬೇರೆ ಇರಬೇಕೆಂದು ಹೇಳಿದರು. ಬೇರೆ ಅಂದರೆ ಎಲ್ಲಿ ಅಂತ ಅವರ ತಾಯಿ ಯೋಚನೆಯನ್ನೇ ಮಾಡಲಿಲ್ಲ. ಕೊಟ್ಟಿಗೆ ಪಕ್ಕ ಒಂದು ಸಣ್ಣ ಕೋಣೆ ಇತ್ತು. ಸೊಸೆ ಮುಟ್ಟಾದಾಗ ಕೂರುವ ಕೋಣೆ. ಅದೇ ಚಾಪೆ, ಅದೇ ಲೋಟ, ಅದೇ ತಟ್ಟೆ ಮಗನಿಗೆ ಸಿಕ್ಕವು.

ಮಾರನೆಯ ದಿನ ಡ್ರೈವರ್ ಹೆಂಡತಿ ತಲೆನೋವಿನ ಮಾತ್ರೆಗೆ ಬಂದರು. ಯಾರಿಗೆ ಅಂದೆ. ಗಂಡನಿಗಂತೆ. ಆ ಕೋಣೆಯಲ್ಲಿ ಗಾಳಿ ಬರುವುದಿಲ್ಲವಂತೆ, ತಟ್ಟೆಯನ್ನು ದೂರದಿಂದ ತಳ್ಳಿದರೆ ಅವಮಾನವಾಗುತ್ತದಂತೆ, ಹೊತ್ತೇ ಹೋಗುವುದಿಲ್ಲವಂತೆ. ಮದುವೆಯಾಗಿ ಬಂದಾಗಿನಿಂದ ತಾನು ಅಲ್ಲೇ ಕೂತೆದ್ದಿದ್ದೇನೆ, ಗಾಳಿ ಬರಲ್ಲ ಅನ್ನುವುದು ಅವರಿಗೆ ಈಗ ಗೊತ್ತಾಯಿತು ಅಂತ ಆಕೆ ಸಿಟ್ಟಿಲ್ಲದೆ ಹೇಳಿದರು. ಅಷ್ಟರಲ್ಲಿ ಬಿ.ಪಿ. ಮಾತ್ರೆಗೆ ಬಂದ ಮೇಷ್ಟ್ರು, ಏನಮ್ಮ, ಯಜಮಾನರು ಕಾಣುವುದೇ ಇಲ್ಲವಲ್ಲ ಅಂದರು.

"ಅವ್ರು ಹೊರಗಾಗವ್ರೆ, ಮೇಷ್ಟ್ರೇ."

ಮೇಷ್ಟ್ರು ಬಿ.ಪಿ. ಮಾತ್ರೆಯನ್ನು ಕೌಂಟರಿನ ಮೇಲೇ ಬಿಟ್ಟು ಹೊರಟುಹೋದರು.

ಹೂವಿನಮ್ಮ ಅಸಿಸ್ಟೆಂಟ್ ಆದದ್ದು

ಕೆ.ಆರ್. ನಗರದಿಂದ ಔಷಧಿ ತರಲು ನನ್ನ ವ್ಯಾನಿಗೆ ಪಾಸ್ ಇತ್ತು, ಜೊತೆಗೊಬ್ಬ ಸಹಾಯಕನನ್ನು ಕರೆದುಕೊಂಡು ಹೋಗಬಹುದಿತ್ತು. ಹೂವಿನಮ್ಮನ ಮುಖ ನೋಡಲಾರದೆ ಒಂದು ದಿನ, ಬನ್ನಿ, ನೀವೇ ಸಹಾಯಕರು ಅಂದುಬಿಟ್ಟೆ. ಬಾಣಂತಿಗೆಂದು ಮಾಡಿಟ್ಟಿದ್ದ ಲೇಹ್ಯದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಹತ್ತಿದರು.

ಚೆಕ್‌ಪೋಸ್ಟಿನ ಪೊಲೀಸಪ್ಪ ಪಾಸ್ ನೋಡಿದ, ಹೂವಿನಮ್ಮನ ಮುಡಿ ನೋಡಿದ, ಡಬ್ಬಿ ನೋಡಿದ. ಇವರು ಯಾರು ಅಂದ. ಅಂಗಡಿಯ ಅಸಿಸ್ಟೆಂಟ್ ಅಂದೆ. ಹಾಗಾದರೆ ಜ್ವರಕ್ಕೆ ಯಾವ ಮಾತ್ರೆ ಹೇಳಮ್ಮ ಅಂತ ಅವರನ್ನೇ ಹಿಡಿದ.

"ಬಿಳೀದು. ಊಟ ಆದ್ಮೇಲೆ" ಅಂದರು ಹೂವಿನಮ್ಮ.

"ಬಿ.ಪಿ.ಗೆ?"

"ಅದೂ ಬಿಳೀದೇ. ಡಾಕ್ಟ್ರ ಚೀಟಿ ತಕ್ಕಬಾ."

ನನ್ನ ಅಂಗಡಿಯ ಮುಂದೆ ಕೂತು ಅವರ ಕಿವಿಗೆ ಬಿದ್ದ ವೈದ್ಯಶಾಸ್ತ್ರವೆಲ್ಲ ಅಷ್ಟೇ. ಪೊಲೀಸಪ್ಪ ನಗು ತಡೆಯಲಾರದೆ ರಸ್ತೆಗೆ ಅಡ್ಡ ಕಟ್ಟಿದ್ದ ಹಗ್ಗ ಇಳಿಸಿದ.

ಬೀಗಿತ್ತಿಯ ಮನೆಯಲ್ಲಿ

ಪೊಲೀಸರನ್ನು ದಾಟಿದೆವು ಅಂದುಕೊಂಡರೆ ಬಾಗಿಲಲ್ಲಿ ಅಳಿಯನ ತಾಯಿ ನಿಂತಿದ್ದರು. ಒಳ್ಳೆಯ ಹೆಂಗಸೇ, ಆದರೆ ಇಡೀ ದಿನ ಟಿ.ವಿ. ನೋಡುತ್ತಿದ್ದವರು. ಸೋಪು ಹಾಕಿ ಕೈಕಾಲು ತೊಳೆಸಿದರು, ಮಾಸ್ಕ್ ಹಾಕಿಸಿದರು. ಆಮೇಲೆ, ಮಗುವನ್ನು ನೋಡಬಹುದು, ಆದರೆ ಒಂದು ಮಾರು ದೂರ ಕೂರಬೇಕು ಅಂತ ಖಂಡಿತವಾಗಿ ಹೇಳಿದರು. ಟಿ.ವಿ.ಯವರ ಆರು ಅಡಿ ನಮ್ಮ ಕಡೆ ಒಂದು ಮಾರು: ಎರಡೂ ಕೈ ಚಾಚಿದಷ್ಟು, ಇಲ್ಲವೇ ನಾಲ್ಕು ಮೊಳ.

ಇಷ್ಟು ದೂರ ಬಂದು ಮುಟ್ಟದೆ ಹೋಗಬೇಕಲ್ಲ ಅಂತ ನಾನೇ ವಾದಕ್ಕೆ ಇಳಿಯುವವನಿದ್ದೆ. ಹೂವಿನಮ್ಮ ಮಾತ್ರ ಒಂದು ಮಾತೂ ಎದುರಾಡಲಿಲ್ಲ. ಆಗಲಿ, ನಾನೇ ಅಳೆದುಕೊಂಡು ಕೂರುತ್ತೇನೆ ಅಂದರು. ಮಗು ಮಲಗಿದ್ದ ಚಾಪೆಯ ಅಂಚಿಗೆ ಮೊಳಕೈ ಊರಿ ಒಂದು ಅಂದರು. ಅದು ಸರಿಯಾಗಿಯೇ ಇತ್ತು. ಎರಡು ಅನ್ನುವಾಗ ಮೊಳಕೈ ತಾನಾಗಿ ಹಿಂದಕ್ಕೆ, ಚಾಪೆಯ ಕಡೆಗೆ ಜಾರಿತು. ಮೂರು ಅಂದದ್ದು ಅರ್ಧ ಮೊಳ, ನಾಲ್ಕು ಅಂದದ್ದು ಬರೀ ನಾಲ್ಕು ಬೆರಳು. ಅವರು ಕೊಟ್ಟ ಹೂವು ನಮ್ಮ ಅಂಗಡಿಯ ದೇವರ ಫೋಟೋದ ಅರ್ಧಕ್ಕೇ ಯಾಕೆ ನಿಲ್ಲುತ್ತದೆ ಅಂತ ನನಗೆ ಅವತ್ತು ತಿಳಿಯಿತು. ಅಳತೆ ಮುಗಿದಲ್ಲಿ ಕೂತು, ಕೈ ಚಾಚಿ, ಮೊಮ್ಮಗಳ ಪಾದ ಹಿಡಿದುಕೊಂಡರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಬೀಗಿತ್ತಿ ಚಾಪೆ ನೋಡಿದರು, ಹೂವಿನಮ್ಮನನ್ನು ನೋಡಿದರು. "ಇದು ಒಂದು ಮಾರಾ?"

"ಹೂವಿನ ಮಾರು ಕಣಕ್ಕ. ಮೊದ್ಲಿಂದ್ಲೂ ಇಷ್ಟೇಯ."

ಬೀಗಿತ್ತಿಗೆ ಇನ್ನೊಂದು ಅಳತೆ ನೆನಪಾಯಿತು. "ಮದ್ವೆ ಮಂಟಪಕ್ಕೆ ನೂರು ಮಾರು ಹೂವು ಕಟ್ಸಿವ್ನಿ ಅಂತಿದ್ರಲ್ಲ, ಅದೂ ಇದೇ ಮಾರಾ?"

ಆ ಪಾದ ಕೈಯಲ್ಲಿದ್ದ ಹೊತ್ತಿನಲ್ಲಿ ಯಾರು ಏನು ಕೇಳಿದ್ದರೂ ಹೂವಿನಮ್ಮ ಒಪ್ಪಿಕೊಂಡುಬಿಡುತ್ತಿದ್ದರು. ತಲೆ ಎತ್ತದೆಯೇ, "ಇಲ್ಲ ಕಣಕ್ಕ, ಅದು ಇನ್ನೂ ಗಿಡ್ಡ" ಅಂದರು.

ಬೀಗಿತ್ತಿ ಬಗ್ಗಿ ಮಗುವನ್ನು ಎತ್ತಿಕೊಂಡರು.

"ಅಂಗಾದ್ರೆ ಆ ಮದ್ವೆ ಮಾರಿಗೇ ಬಂದು ಕೂತ್ಕಳಿ. ಮಡ್ಲು ಒಡ್ಡಿ."